ಎರಡನೆಯ ಬಾಟಲಿ

"ಅದನ್ನ ಅಂಗಿಯೊಳಗೆ ಯಾಕೆ ಇಟ್ಕೊಂಡಿದ್ದೀರಿ? ಹೊರಗೆ ತೆಗೀರಿ."

ಲ್ಯಾಬಿನ ಕಿಟಕಿಯಾಚೆ ನಿಂತಿದ್ದ ಗಂಡಸು ತಬ್ಬಿಬ್ಬಾದ. ಕಾರ್ಖಾನೆಯ ಬೂದು ಸಮವಸ್ತ್ರದ ಗುಂಡಿ ಬಿಚ್ಚಿ, ಎದೆಗೊತ್ತಿ ಹಿಡಿದಿದ್ದ ಎರಡು ಪುಟ್ಟ ಬಾಟಲಿಗಳನ್ನು ಹೊರತೆಗೆದ.

"ತಣ್ಣಗಾಗ್ಬಾರ್ದು ಅಂದ್ರು ಸಿಸ್ಟರು."

"ಫ್ರಿಜ್ಜಿನಲ್ಲಿ ಇಡಬಾರ್ದು ಅಂದಿರ್ತಾರೆ. ಕೂಸಿನ ಹಾಗೆ ಅಪ್ಪಿಕೊಂಡು ಬನ್ನಿ ಅಂತಲ್ಲ."

"ನಮ್ಮವ್ವನ ರಕ್ತ ಕಣ್ರೀ ಅದು. ಕವರ್‌ನಾಗೆ ನೇತಾಕ್ಕೊಂಡು ಬರಕ್ಕೆ ಕೋಳಿ ಅಂಗಡಿಯಿಂದ ತಂದದ್ದಾ?"

ಸಿಟ್ಟಿನ ಮಾತು. ಆದರೆ ಅದನ್ನಾಡುವಾಗ ಅವನ ತುಟಿ ನಡುಗುತ್ತಿತ್ತು. ನವ್ಯಶ್ರೀ ಕೈ ಚಾಚಿ ಬಾಟಲಿಗಳನ್ನು ತೆಗೆದುಕೊಂಡಳು. ಅವನ ಮೈಯ ಬಿಸಿ ಗಾಜಿನಲ್ಲಿ ಇನ್ನೂ ಉಳಿದಿತ್ತು. ಆ ಬಿಸಿ ಅಂಗೈಗೆ ತಾಗಿದಾಗ, ಗದರಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು...

ರಾಮನಗರದ ಹೆದ್ದಾರಿ ಬದಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಅವಳದು ಆರು ವರ್ಷದ ಅನುಭವ. ಜ್ವರ ಬಂದವರ ರಕ್ತದಲ್ಲಿ ರೋಗಾಣು ಇದೆಯೇ ಇಲ್ಲವೇ ಎಂದು ಪರೀಕ್ಷಿಸಿ ವರದಿ ಬರೆಯುವುದು ಅವಳ ಕೆಲಸ. ಕೂಟಗಲ್ಲಿನ ರೈತನ ಮಗಳು ಸೂಕ್ಷ್ಮದರ್ಶಕದ ಮುಂದೆ ಕುಳಿತರೆ ತಪ್ಪು ನುಸುಳುವುದಿಲ್ಲವೆಂಬ ಹೆಸರು ಆಸ್ಪತ್ರೆಯಲ್ಲೆಲ್ಲ ಇತ್ತು. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಹಾಗೆ ಬಿದ್ದದ್ದೇ ಕೇಡಾಯಿತೆಂದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

"ಒಬ್ಬರ ರಕ್ತಕ್ಕೆ ಎರಡು ಬಾಟ್ಲಿ ಯಾಕ್ರೀ?" ಅವನು ಕೇಳಿದ.

"ಕೆಲವು ರೋಗಾಣುಗಳಿಗೆ ಗಾಳಿ ಬೇಕು. ಇನ್ನು ಕೆಲವು ಗಾಳಿ ಸೋಕಿದರೆ ಸಾಯುತ್ತವೆ. ಅಂಥವನ್ನು ಹಿಡಿಯೋಕೆ ಎರಡನೆಯದು. ಅದರೊಳಗೆ ಗಾಳಿಯೇ ಇರೋದಿಲ್ಲ. ಹೆಸರು ಹೇಳಿ."

"ಕೆಂಪರಾಜು."

"ನಿಮ್ಮದಲ್ಲ, ರೋಗಿಯದು."

"ವೆಂಕಟಲಕ್ಷ್ಮಮ್ಮ. ಮಾಗಡಿ ತಾಲ್ಲೂಕು, ಕಲ್ಯ." ಅವನು ತಡೆದು ಕೇಳಿದ. "ಉಳೀತಾಳಾ?"

ಅವಳು ಬಾಟಲಿಗಳ ಮೇಲೆ ಹೆಸರು ಬರೆದು, ಒಳಗೆ ರೋಗಾಣು ಬೆಳೆದರೆ ಕೂಗುವ ಮೆಷಿನ್ನಿನಲ್ಲಿಟ್ಟಳು.

*

ವೆಂಕಟಲಕ್ಷ್ಮಮ್ಮನ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಎಂಬ ಕರುಳುಬಾಲ ಒಡೆದು ಕೀವು ತುಂಬಿತ್ತು. ಗ್ಯಾಸೆಂದುಕೊಂಡು ನಾಲ್ಕು ದಿನ ಜೀರಿಗೆ ಕಷಾಯ ಕುಡಿದು ತಳ್ಳಿದ ಮೇಲೆ ಆಸ್ಪತ್ರೆಗೆ ಬಂದಿದ್ದಳು. ಶಸ್ತ್ರಚಿಕಿತ್ಸೆಯೇನೋ ಮುಗಿದಿತ್ತು. ಆದರೆ ಮರುದಿನವೇ ಚಳಿಜ್ವರ. ಸೋಂಕು ರಕ್ತಕ್ಕಿಳಿದಿದೆಯೇ ಎಂದು ತಿಳಿಯಲು ಗುರುವಾರ ಸಂಜೆ ತೆಗೆದ ರಕ್ತವೇ ಆ ಎರಡು ಬಾಟಲಿಗಳಲ್ಲಿತ್ತು.

ಕೆಂಪರಾಜು ಬಿಡದಿಯ ಕಾರು ಕಾರ್ಖಾನೆಯ ನೌಕರ. ಪಾಳಿ ಮುಗಿಸಿ ನೇರವಾಗಿ ಆಸ್ಪತ್ರೆಗೆ ಬರುತ್ತಿದ್ದ. ತಾಯಿಯ ಮುಖ ನೋಡಿದ ಮೇಲೆ ಲ್ಯಾಬಿನ ಕಿಟಕಿ.

"ಏನಾದ್ರೂ ಬೆಳೀತಾ?"

"ಇನ್ನೂ ಇಲ್ಲ."

"ಊರಲ್ಲಿ ಬೆಳೆ ಬರ್ಲಿಲ್ಲ ಅಂದ್ರೆ ತಲೆ ಮೇಲೆ ಕೈ ಇಟ್ಕೊಂಡು ಕುಂತ್ಕೋತೀವಿ. ಇಲ್ಲಿ ಬರ್ಲಿಲ್ಲ ಅಂದ್ರೆ ನಗ್ಬೇಕು. ಒಳ್ಳೆ ಬೇಸಾಯ ಕಣ್ರೀ ನಿಮ್ದು."

ಅವಳು ನಕ್ಕಳು. ಶುಕ್ರವಾರ ಅವನು ಎಲೆಯಲ್ಲಿ ಸುತ್ತಿದ ಬಿಡದಿಯ ತಟ್ಟೆ ಇಡ್ಲಿ ತಂದಿದ್ದ. "ಬೈಸ್ಕೊಂಡದ್ದಕ್ಕೆ ಕಾಣಿಕೆ" ಎಂದು ಕಿಟಕಿಯಲ್ಲಿಟ್ಟು, ಅವಳು ಬೇಡವೆನ್ನುವಷ್ಟರಲ್ಲಿ ಹೊರಟುಹೋಗಿದ್ದ. ಮಧ್ಯಾಹ್ನದ ಊಟಕ್ಕೆ ಪುರುಸೊತ್ತಿಲ್ಲದ ಹುಡುಗಿ ಆ ಇಡ್ಲಿಯನ್ನು ನಿಂತೇ ತಿಂದಳು. ಎಷ್ಟೋ ದಿನಗಳ ಮೇಲೆ ಯಾರೋ ತನ್ನ ಹಸಿವನ್ನು ಗಮನಿಸಿದ್ದರು...

ಶನಿವಾರ ಮೆಷಿನ್ ಕೂಗಿತು.

ವೆಂಕಟಲಕ್ಷ್ಮಮ್ಮನ ಎರಡನೆಯ ಬಾಟಲಿ. ಒಳಗೆ ಏನೋ ಬೆಳೆಯುತ್ತಿದೆಯೆಂಬ ಸೂಚನೆ ಅದು. ಮೇಜಿನ ಮೇಲೆ ಡೆಂಗಿ ಜ್ವರದ ನಲವತ್ತು ಸ್ಯಾಂಪಲ್ಲುಗಳು ಕಾದಿದ್ದವು. ನವ್ಯಶ್ರೀ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದಳು. ಅಲ್ಲಲ್ಲಿ ಮಾಸಿದ ಗುಲಾಬಿ ಚುಕ್ಕೆಗಳು. ಬಣ್ಣ ತೊಳೆದದ್ದು ಸಾಲದೆ ಉಳಿದ ಕಸವಿರಬೇಕು, ಮೆಷಿನ್ ಸುಮ್ಮನೆ ಕೂಗಿರಬೇಕು ಎಂದು ತೀರ್ಮಾನಿಸಿದಳು. ಗಾಳಿಯಿಲ್ಲದ ಬಾಟಲಿಯಲ್ಲಿ ಬೆಳೆದದ್ದನ್ನು ಗಾಳಿಯಿಲ್ಲದ ಜಾಡಿಯಲ್ಲಿಟ್ಟೇ ಬೆಳೆಸಬೇಕು. ಆ ಜಾಡಿ ಕಪಾಟಿನ ಮೇಲಿತ್ತು. ಇಳಿಸಿ, ಹೊಂದಿಸಿ, ಮುಚ್ಚುವುದೆಂದರೆ ಅರ್ಧ ಗಂಟೆಯ ಕೆಲಸ.

ಅವಳು ಜಾಡಿಯನ್ನು ಇಳಿಸಲಿಲ್ಲ. ಎಲ್ಲ ಸ್ಯಾಂಪಲ್ಲುಗಳಂತೆ ಅದನ್ನೂ ಗಾಳಿಯಾಡುವ ತಟ್ಟೆಯಲ್ಲಿ ಬಿತ್ತಿ ಮುಂದಿನದಕ್ಕೆ ಕೈ ಹಾಕಿದಳು.

ಭಾನುವಾರ ತಟ್ಟೆ ಬರಿದಾಗಿತ್ತು. ಬರಿದಾಗದೆ ಇನ್ನೇನು? 'ಬೆಳವಣಿಗೆ ಇಲ್ಲ' ಎಂದು ವರದಿ ಬರೆದು, ಕಿಟಕಿಗೆ ಬಂದವನಿಗೆ ತಾನೇ ಮುಂದಾಗಿ ಹೇಳಿದಳು.

"ನಿಮ್ಮಮ್ಮನ ರಕ್ತದಲ್ಲಿ ಏನೂ ಇಲ್ಲ. ನೆಮ್ಮದಿಯಾಗಿರಿ."

ಕೆಂಪರಾಜು ಎರಡೂ ಕೈಗಳಿಂದ ಮುಖ ಒರೆಸಿಕೊಂಡ. "ನಿಮ್ಮ ಬಾಯಿಗೆ ಸಕ್ಕರೆ ಹಾಕ" ಎಂದ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, "ಅವ್ವ ಹುಷಾರಾಗ್ಲಿ, ನಿಮ್ ಹತ್ರ ಒಂದು ಮಾತಾಡದೈತೆ" ಎಂದು ಹೋದ.

ಆ ಮಾತು ಯಾವುದೆಂದು ಅವಳ ಎದೆಗೆ ಗೊತ್ತಿತ್ತು. ಇಡೀ ದಿನ ಅವಳ ಕೈಗಳು ಹಗುರವಾಗಿ ಓಡಾಡಿದವು.

ಅದೇ ದಿನ ಸರ್ಜನ್ ವರದಿ ನೋಡಿ, ರೋಗಿಗೆ ವಾಂತಿ ತರಿಸುತ್ತಿದ್ದ ಒಂದು ಔಷಧಿಯನ್ನು ನಿಲ್ಲಿಸಿದರು. ಗಾಳಿಗಂಜುವ ರೋಗಾಣುವನ್ನು ಕೊಲ್ಲುತ್ತಿದ್ದದ್ದು ಅದೊಂದೇ ಔಷಧಿ. ಸಂಜೆ ವೆಂಕಟಲಕ್ಷ್ಮಮ್ಮ ಕಣ್ಣು ತೆರೆದು, ಬಾಯಿ ಕೆಟ್ಟುಹೋಗಿದೆ, ಒಂದು ಚೂರು ಇಡ್ಲಿ ಕೊಡೋ ಮಗನೇ ಎಂದು ಕೇಳಿದಳು. ಕರುಳಿನ ಹೊಲಿಗೆ ಮಾಗುವವರೆಗೆ ಬಾಯಿಗೆ ಏನೂ ಕೊಡಕೂಡದೆಂದು ವೈದ್ಯರು ಹೇಳಿದ್ದರು. ಒಳ್ಳೆಯ ಸುದ್ದಿಯ ಖುಷಿಯಲ್ಲಿದ್ದ ಮಗ ಎರಡು ತುತ್ತು ತಿನ್ನಿಸಿದ.

ಸೋಮವಾರ ಜ್ವರ ಏರಿತು. ಮಂಗಳವಾರ ರಕ್ತದೊತ್ತಡ ಕುಸಿಯಿತು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ವೆಂಕಟಲಕ್ಷ್ಮಮ್ಮ ತೀರಿಕೊಂಡಳು.

*

ಲ್ಯಾಬಿನ ಮೇಲ್ವಿಚಾರಣೆಗೆ ಗುರುವಾರಗಳಂದು ಮಾತ್ರ ಬರುತ್ತಿದ್ದ ಡಾ. ಕೆಹಕಶಾನ್, ಚನ್ನಪಟ್ಟಣದ ಗೊಂಬೆ ಮಾಡುವ ಮನೆತನದ ಹೆಣ್ಣುಮಗಳು. ಸತ್ತವರ ಸ್ಲೈಡುಗಳನ್ನು ಮತ್ತೊಮ್ಮೆ ನೋಡುವುದು ಅವರ ಪದ್ಧತಿ. ಅಂದು ಸೂಕ್ಷ್ಮದರ್ಶಕದಿಂದ ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದನ್ನ ಯಾರು ನೋಡಿದ್ದು?"

"ನಾನೇ ಮೇಡಂ."

"ಬಾ, ಕೂತ್ಕೋ. ಇನ್ನೊಂದು ಸಲ ನೋಡು. ಆತುರ ಮಾಡಬೇಡ."

ನವ್ಯಶ್ರೀ ನೋಡಿದಳು. ಕಸವೆಂದುಕೊಂಡಿದ್ದ ಚುಕ್ಕೆಗಳಿಗೆ ಆಕಾರವಿತ್ತು. ಗುಂಡಗಿನ ತುದಿಯ, ಮಸುಕಾದ, ಚಿಕ್ಕ ಚಿಕ್ಕ ಕಡ್ಡಿಗಳು. ಒಂದಲ್ಲ, ಹತ್ತಲ್ಲ... ಗಾಜಿನ ತುಂಬ.

"ಈ ಜಾತಿ ಬಣ್ಣ ಹಿಡಿಯೋದೇ ಕಡಿಮೆ. ಮೆಷಿನ್ ಕೂಗಿದ್ದು ಎರಡನೇ ಬಾಟಲಿಗೆ, ನೀನು ಬಿತ್ತಿದ್ದು ಗಾಳಿಯಾಡೋ ತಟ್ಟೆಗೆ. ಬೆಳೆಯೋದು ಎಲ್ಲಿಂದ?" ಕೆಹಕಶಾನರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಎತ್ತಿಟ್ಟಿದ್ದ ಬಾಟಲಿಯಿಂದ ಮತ್ತೆ ಬಿತ್ತಿ, ಜಾಡಿಯೊಳಗಿಟ್ಟು ಮುಚ್ಚಿದರು. ಎರಡು ದಿನಗಳ ಮೇಲೆ ತೆರೆದಾಗ ಬೂದುಬಣ್ಣದ ನುಣುಪು ಬಿಂದುಗಳು ತಟ್ಟೆಯ ತುಂಬ ಎದ್ದಿದ್ದವು. ಕರುಳಿನಲ್ಲಿ ವಾಸಿಸಿ, ಕರುಳು ಹರಿದಾಗ ರಕ್ತಕ್ಕಿಳಿಯುವ ರೋಗಾಣು.

ಮುಂದಿನ ಗುರುವಾರ ಕೆಹಕಶಾನ್ ವರದಿಯನ್ನು ತಿದ್ದಿ ಸಹಿ ಮಾಡಿದರು. ಮನೆಯವರಿಗೆ ತಿಳಿಸಬೇಕೆಂದು ಆಡಳಿತದವರಿಗೂ ಬರೆದರು. "ಅವರಾಗಿ ಬಂದು ಕೇಳಿದರೆ ನೋಡೋಣ" ಎಂದು ಆಡಳಿತ ಕಡತವನ್ನು ಮುಚ್ಚಿತು.

ನವ್ಯಶ್ರೀಯೂ ಬಾಯಿ ಮುಚ್ಚಿಕೊಂಡಳು.

*

ಮೂರು ವಾರಗಳ ಮೇಲೆ ಕೆಂಪರಾಜು ಮರಣಪತ್ರಕ್ಕಾಗಿ ಆಸ್ಪತ್ರೆಗೆ ಬಂದ. ಕೆನ್ನೆ ಬತ್ತಿತ್ತು. ಆ ಸಮವಸ್ತ್ರ ಇನ್ನೊಬ್ಬರದೇನೋ ಎಂಬಂತೆ ಮೈಮೇಲೆ ಜೋತಿತ್ತು. ಅವಳು ಹೊರಗೆ ಬಂದು ಅವನೆದುರಿನ ಬೆಂಚಿನಲ್ಲಿ ಕುಳಿತಳು.

"ಊಟ ಮಾಡ್ತಿದ್ದೀರಾ?"

"ತುತ್ತು ಎತ್ತಿದ್ರೆ ಅವ್ವನ ಬಾಯಿ ಕಾಣ್ತದೆ." ಅವನು ನೆಲ ನೋಡುತ್ತ ಹೇಳಿದ. "ಅಣ್ಣ ವಾರ್ಡಿನವರನ್ನ ವಿಚಾರಿಸ್ದ. ಬಾಯಿಗೆ ಏನಾದ್ರೂ ಕೊಟ್ಟಿದ್ರಾ ಅಂತ ಕೇಳಿದ್ರಂತೆ. ಹನ್ನೊಂದರ ದಿನ ನೆಂಟರ ಮುಂದೇನೇ ಅಂದ, ಅವ್ವನ್ನ ಇವನೇ ಇಡ್ಲಿ ತಿನ್ನಿಸಿ ಕಳಿಸ್ಬುಟ್ಟ ಅಂತ."

"ಅದು..." ಎಂದಳು ನವ್ಯಶ್ರೀ.

"ಸರೀನೇ ಅಲ್ವಾ? ರಕ್ತದಾಗೆ ಏನೂ ಇಲ್ಲ ಅಂತ ನೀವೇ ಹೇಳಿದ್ರಿ. ಅಷ್ಟು ಚೆನ್ನಾಗಿದ್ದೋಳು ಮೂರು ದಿನಕ್ಕೆ ಹೋದ್ಲು ಅಂದ್ರೆ ನನ್ನ ಕೈಯಿಂದಲೇ ಅಲ್ವಾ?"

ಹೇಳು, ಈಗಲೇ ಹೇಳು ಎಂದು ಅವಳ ಒಳಗು ಕೂಗಿತು. ಹೇಳಿದರೆ ಈ ಮನುಷ್ಯ ಬದುಕಿಕೊಳ್ಳುತ್ತಾನೆ. ಆದರೆ ಇನ್ನೆಂದೂ ನನ್ನ ಮುಖ ನೋಡುವುದಿಲ್ಲ... ತೂಗಬಾರದ ಎರಡನ್ನು ಅವಳು ತೂಗುತ್ತ ಕುಳಿತಳು.

"ಅವತ್ತು ಒಂದು ಮಾತಾಡದೈತೆ ಅಂದಿದ್ದೆ. ಬಿಡಿ ಅದ್ನ. ತಾಯಿ ಕೊಂದೋನ ಜೊತೆ ಯಾವ ಹೆಣ್ಣು ಬಾಳ್ತಾಳೆ?" ಅವನು ತಲೆಯೆತ್ತಿ, ಅವಳ ಕಣ್ಣಲ್ಲಿ ಏನನ್ನೋ ಹುಡುಕಿದ. ಅವಳು ನೋಟ ತಪ್ಪಿಸಿದಳು.

ಆ ಮೌನವನ್ನು ಅವನು ತನಗೆ ತೋಚಿದಂತೆ ಓದಿಕೊಂಡ.

"ನಿಮ್ಗೂ ಹಂಗೇ ಅನ್ನಿಸ್ತಾ ಐತೆ. ಗೊತ್ತಾಯ್ತು." ಎದ್ದು ನಿಂತ. "ಬರೋ ಭಾನುವಾರ ತಿಂಗಳ ಎಡೆ. ಅವ್ವಂಗೆ ಇಷ್ಟವಾದದ್ದೆಲ್ಲ ಮಾಡಿ ಇಡ್ಬೇಕು. ಇಡ್ಲೀನೂ ಇಡ್ಬೇಕಂತೆ. ನನ್ನ ಕೈಲೇ."

ಅವನು ಹೋದ ಮೇಲೂ ಅವಳು ಆ ಬೆಂಚಿನಿಂದ ಏಳಲಿಲ್ಲ.

ಗುರುವಾರ ಕೆಹಕಶಾನರ ಮುಂದೆ ನಿಂತು, ತಿದ್ದಿದ ವರದಿಯ ಪ್ರತಿ ಬೇಕೆಂದಳು.

"ಕೆಲಸ ಹೋಗಬಹುದು ನವ್ಯಾ."

"ಗೊತ್ತು ಮೇಡಂ. ಆ ಎರಡು ತುತ್ತಿನಿಂದ ಏನಾದರೂ..."

"ಇಲ್ಲ. ಮಂಗಳವಾರದ ಸ್ಕ್ಯಾನ್ ನಾನೂ ನೋಡಿದೆ. ಕರುಳಿನ ಹೊಲಿಗೆ ಬಿಟ್ಟಿರಲಿಲ್ಲ. ಸರ್ಜನ್ನೂ ಹಾಗೇ ಬರೆದಿದ್ದಾರೆ." ಕೆಹಕಶಾನ್ ಪ್ರತಿಗೆ ಸಹಿ ಹಾಕಿ, ಸರ್ಜನರ ಆ ಬರಹದ ಪ್ರತಿಯನ್ನೂ ಜೊತೆಗಿಡುತ್ತ ಕೇಳಿದರು. "ನಾನೂ ಜೊತೆಗೆ ಬರಲಾ?"

"ಬೇಡ ಮೇಡಂ. ನೀವು ಬಂದರೆ ನಾನು ನಿಮ್ಮ ಹಿಂದೆ ನಿಂತುಬಿಡ್ತೀನಿ."

*

ಕಲ್ಯದ ಆ ಮನೆಯ ನಡುಮನೆಯಲ್ಲಿ ಬಾಳೆಲೆ ಹಾಸಿತ್ತು. ವೆಂಕಟಲಕ್ಷ್ಮಮ್ಮನ ಭಾವಚಿತ್ರದ ಮುಂದೆ ಹೊಸ ಸೀರೆ, ಎಲೆ ಅಡಿಕೆ, ಮುದ್ದೆ, ಅವರೆಕಾಳಿನ ಸಾರು. ಹೊಸ್ತಿಲಲ್ಲಿ ನಿಂತ ನವ್ಯಶ್ರೀಗೆ ಮೊದಲು ಕೇಳಿಸಿದ್ದು ಕೆಂಪರಾಜುವಿನ ಅಣ್ಣ ಅನಂತರಾಜನ ದನಿ.

"ಇಡ್ಲಾ ಕೆಂಪ. ಯಾಕೆ ಕೈ ನಡುಗ್ತದೆ? ಅವತ್ತು ನಡುಗ್ಲಿಲ್ವಲ್ಲ."

ಇಡ್ಲಿಯ ತಟ್ಟೆ ಹಿಡಿದು ಕೆಂಪರಾಜು ಎಡೆಯ ಮುಂದೆ ಮಂಡಿಯೂರಿದ್ದ. ನೆಂಟರಿಷ್ಟರು ಗೋಡೆಗೊರಗಿ ಕುಳಿತಿದ್ದರು. ಯಾರೂ ಅನಂತರಾಜನನ್ನು ತಡೆಯಲಿಲ್ಲ.

"ಅವರ ಕೈಯಿಂದ ಏನೂ ಆಗಿಲ್ಲ" ಎಂದಳು ನವ್ಯಶ್ರೀ. "ತಪ್ಪು ನನ್ನದು."

ಎಲ್ಲರ ತಲೆಗಳೂ ತಿರುಗಿದವು. ಕೆಂಪರಾಜು ತಟ್ಟೆಯನ್ನು ಕೆಳಗಿಟ್ಟ.

ಅವಳು ಒಳಗೆ ಬರಲಿಲ್ಲ. ಹೊಸ್ತಿಲಿನಾಚೆ ನಿಂತೇ, ತಾನಾರೆಂಬುದನ್ನೂ ಎರಡು ಬಾಟಲಿಗಳ ಕಥೆಯನ್ನೂ ಮೆಷಿನ್ ಕೂಗಿದ್ದನ್ನೂ ಇಳಿಸದ ಜಾಡಿಯನ್ನೂ ಒಂದೂ ಬಿಡದೆ ಹೇಳಿದಳು. ಹೊಲಿಗೆ ಬಿಟ್ಟಿರಲಿಲ್ಲವೆಂಬ ಸರ್ಜನರ ಮಾತನ್ನು ಎರಡು ಸಲ ಓದಿದಳು.

ಮೂಲೆಯಲ್ಲಿದ್ದ ಸೋದರಮಾವ ಅಂಕಯ್ಯ ಕೇಳಿದ. "ಗಾಳಿ ಇದ್ರೆ ಸಾಯ್ತದೆ, ಇಲ್ದಿದ್ರೆ ಬದುಕ್ತದೆ ಅಂತೀಯಲ್ಲವ್ವಾ, ಅದೆಂಥ ಹುಳ?"

"ನಿಮ್ಮೂರಲ್ಲಿ ರಾಗಿ ತುಂಬೋ ಹಗೇವು ಇದ್ದವಲ್ಲ ಅಜ್ಜ? ನೆಲದೊಳಗೆ ಗಾಳಿಯಾಡದ ಗುಂಡಿ. ನಾವು ಇಳಿದರೆ ಉಸಿರು ಕಟ್ಟಿ ಸಾಯ್ತೀವಿ. ಅಂಥ ಕಡೆಯೇ ಅವು ಬದುಕೋದು."

"ಹಗೇವಿನ ಬಾಯಿ ತೆಗ್ದು ಒಸಿ ಹೊತ್ತು ಕಾದು ಇಳೀಬೇಕು. ಆತುರ ಬಿದ್ದೋರು ಮೇಲೆ ಬರ್ತಿರ್ಲಿಲ್ಲ" ಎಂದ ಅಂಕಯ್ಯ, ತನಗೆ ತಾನೇ ಹೇಳಿಕೊಳ್ಳುವಂತೆ.

ಅನಂತರಾಜ ಎದ್ದು ನಿಂತಿದ್ದ. "ನಿನ್ನ ಸುಮ್ನೆ ಬುಡಲ್ಲ ಕಣಮ್ಮೀ. ಕೋರ್ಟಿಗೆ ಎಳೀತೀನಿ."

"ಎಳೀರಿ. ಅದಕ್ಕೇ ಕಾಗದ ತಂದಿದ್ದೀನಿ. ಆದರೆ ನಿಮ್ಮ ತಮ್ಮನ್ನ ಬಿಟ್ಟುಬಿಡಿ."

ಅನಂತರಾಜ ಕಾಗದವನ್ನು ಕಸಿದುಕೊಂಡ. ತಮ್ಮನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದವನು ಹೇಳಲಾರದೆ ಹಿತ್ತಲಿಗೆ ನಡೆದುಬಿಟ್ಟ.

ಕೆಂಪರಾಜು ಬಸ್ಸಿನ ರಸ್ತೆಯವರೆಗೆ ಅವಳ ಹಿಂದೆ ಬಂದ. ಜೊತೆಯಲ್ಲಲ್ಲ, ಹತ್ತು ಮಾರು ಹಿಂದೆ. ಅವಳು ನಿಂತಾಗ ಅವನೂ ನಿಂತ.

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಅವರು ಹೋದ ಮರುದಿನ."

"ಅಂದ್ರೆ ಮೊನ್ನೆ ಬೆಂಚಿನ ಮೇಲೆ ಕುಂತಿದ್ದಾಗ, ನಾನೇ ಕೊಂದೆ ಅಂತ ಅಂದಾಗ..."

"ಗೊತ್ತಿತ್ತು."

"ನಮ್ಮ ಫ್ಯಾಕ್ಟ್ರೀಲಿ ಮೇಲ್ಗಡೆ ಒಂದು ಹಗ್ಗ ಕಟ್ಟಿರ್ತಾರೆ. ತಪ್ಪು ಕಂಡೋನು ಎಳೀಬೇಕು, ಇಡೀ ಲೈನ್ ನಿಲ್ತದೆ. ತನ್ನದೇ ತಪ್ಪಾದ್ರೂ ಎಳೀಬೇಕು. ನೀವು ಯಾಕೆ ಎಳೀಲಿಲ್ಲ?"

"ನಿಮ್ಮನ್ನ ಕಳ್ಕೋತೀನಿ ಅಂತ."

ಇಷ್ಟು ಕೆಟ್ಟ ಜಾಗದಲ್ಲಿ, ಇಷ್ಟು ಕೆಟ್ಟ ಹೊತ್ತಿನಲ್ಲಿ ತನ್ನ ಪ್ರೀತಿ ಬಾಯಿಗೆ ಬರುವುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವನ ಮುಖದಲ್ಲಿ ನೋವೊಂದು ಹಾದುಹೋಯಿತು. ಮಾಗಡಿ ಬಸ್ಸು ಬಂತು.

"ಹತ್ತಿ" ಎಂದಷ್ಟೇ ಹೇಳಿ ಅವನು ಹಿಂದಿರುಗಿದ.

*

ಆಸ್ಪತ್ರೆ ಅವಳನ್ನು ಎರಡು ತಿಂಗಳು ಅಮಾನತಿನಲ್ಲಿಟ್ಟಿತು. ಲಿಖಿತ ಹೇಳಿಕೆ ಕೇಳಿದಾಗ ಅವಳು ನಡೆದದ್ದನ್ನೇ ಬರೆದುಕೊಟ್ಟಳು. ಅನಂತರಾಜ ದೂರು ಕೊಟ್ಟ. ವಿಚಾರಣೆಗೆ ಕರೆದಾಗಲೆಲ್ಲ ಅವಳು ಹೋಗಿ, ಕೇಳಿದ್ದಕ್ಕೆ ಉತ್ತರಿಸಿ ಬಂದಳು. ಕೊನೆಗೆ ಕೆಹಕಶಾನರ ಒತ್ತಾಯಕ್ಕೆ ಆಡಳಿತ ಅವಳನ್ನು ಮರಳಿ ಕರೆಯಿತು, ಸಹಿ ಹಾಕುವ ಅಧಿಕಾರವಿಲ್ಲದೆ. ಒಂದು ಸ್ಲೈಡನ್ನು ಈಗ ಅವಳು ಮೂರು ಬಾರಿ ನೋಡುತ್ತಿದ್ದಳು. ಜೊತೆಯವರು ಬೇಸರಿಸಿದರೂ ತಲೆ ಎತ್ತುತ್ತಿರಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಮಸುಕು ಗುಲಾಬಿ ಕಡ್ಡಿಗಳು ತೇಲಿ ಬರುತ್ತಿದ್ದವು.

ಕೆಂಪರಾಜುವಿನಿಂದ ಸುದ್ದಿಯಿಲ್ಲ. ಅವಳೂ ಹುಡುಕಲಿಲ್ಲ. ಯಾವ ಮುಖ ಹೊತ್ತು ಹುಡುಕಬೇಕು?

ಐದನೆಯ ತಿಂಗಳ ಒಂದು ರಜಾದಿನ, ಕೂಟಗಲ್ಲಿನ ತಮ್ಮ ಹಿಪ್ಪುನೇರಳೆ ತೋಟದಲ್ಲಿ ಅವಳು ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದಳು. ಬದುವಿನ ಮೇಲೆ ಹೆಜ್ಜೆಯ ಸದ್ದಾಯಿತು.

ಅವನು. ಮೈ ಸ್ವಲ್ಪ ತುಂಬಿಕೊಂಡಿತ್ತು. ಕಣ್ಣು ಮಾತ್ರ ಅದೇ.

ಅವಳ ಕೈಯ ಸೊಪ್ಪು ಕೆಳಗೆ ಬಿತ್ತು.

"ಒಂದು ಕೇಳಕ್ಕೆ ಬಂದೆ. ನಿಜ ಹೇಳ್ಬೇಕು" ಎಂದ.

"ಕೇಳಿ."

"ನೀವು ಅವತ್ತೇ ಸರಿಯಾಗಿ ನೋಡಿದ್ರೆ ಅವ್ವ ಉಳೀತಿದ್ಲಾ?"

ಇಲ್ಲವೆಂದುಬಿಟ್ಟರೆ ಅವನ ಎದೆಯೂ ಹಗುರಾದೀತು, ತನ್ನದೂ. ಐದು ತಿಂಗಳಿಂದ ಅವಳು ತನಗೆ ತಾನೇ ಹೇಳಿಕೊಳ್ಳಲು ಹವಣಿಸಿ ಸೋತಿದ್ದ ಸುಳ್ಳು ಅದು.

"ಗೊತ್ತಿಲ್ಲ. ಆ ಔಷಧಿ ನಿಲ್ಲುತ್ತಿರಲಿಲ್ಲ. ಉಳಿಯೋ ದಾರಿ ಒಂದಿತ್ತು. ಅದನ್ನ ಮುಚ್ಚಿದ್ದು ನಾನು."

ಕೆಂಪರಾಜು ಬದುವಿನ ಮೇಲೆ ಕುಸಿದು ಕುಳಿತ. ಅವಳು ನಿಂತೇ ಇದ್ದಳು.

"ಅಣ್ಣ ನಂಗೆ ಕೈ ಮುಗ್ದ" ಎಂದ ಕೊನೆಗೆ. "ಅವತ್ತು ನೀವು ಹೋದ್ಮೇಲೆ, ಹಿತ್ತಲಲ್ಲಿ. ಅಣ್ಣ ಯಾರಿಗೂ ಕೈ ಮುಗಿಯೋನಲ್ಲ. ನೀವು ಬರ್ದೇ ಇದ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ. ಎರಡು ಸಲ ಬಿಡದಿ ಸ್ಟೇಷನ್‌ನಾಗೆ ಪ್ಲಾಟ್‌ಫಾರಂ ಅಂಚಿಗೆ ಹೋಗಿ ನಿಂತಿದ್ದೆ."

ಅವಳು ಸೊಂಟದ ಬುಟ್ಟಿಯನ್ನು ಕೆಳಗಿಳಿಸಿದಳು.

"ನೀವೇ ಕೊಂದ್ರಿ ಅಂತಾನೂ ಅನ್ನಿಸ್ತದೆ. ನೀವೇ ಉಳಿಸಿದ್ರಿ ಅಂತಾನೂ ಅನ್ನಿಸ್ತದೆ. ಎರಡನ್ನೂ ಹೊತ್ಕೊಂಡು ಐದು ತಿಂಗಳು ಓಡಾಡ್ದೆ. ನಿಮ್ಮನ್ನ ಮರ್ತುಬುಡಣ ಅಂತ ನೋಡ್ದೆ. ಆಗ್ಲಿಲ್ಲ."

"ಕ್ಷಮಿಸಿ ಅಂತ ಕೇಳೋ ಹಕ್ಕು ನನಗಿಲ್ಲ."

"ಕೇಳ್ಬೇಡಿ. ಕೊಡಕ್ಕೆ ನನ್ ಹತ್ರನೂ ಇನ್ನೂ ಇಲ್ಲ." ಅವನು ಬಾಗಿ, ಅವಳ ಕಾಲ ಬಳಿ ಚೆಲ್ಲಿದ್ದ ಸೊಪ್ಪನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕತೊಡಗಿದ. "ಆದ್ರೂ ಬಂದೆ."

ಅವಳೂ ಎದುರಿಗೆ ಕುಳಿತಳು. ತಡೆದಿದ್ದ ಕಣ್ಣೀರು ಈಗ ನಿಲ್ಲಲಿಲ್ಲ. ಅವನು ಒರೆಸಲು ಕೈ ಚಾಚಲಿಲ್ಲ. ಎದ್ದು ಹೋಗಲೂ ಇಲ್ಲ.

"ಇನ್ನೂ ಸಿಟ್ಟಿದೆಯಾ?" ಕೇಳಿದಳು.

"ಐತೆ."

"ಹಾಗಾದರೆ... ಅದು ಹೋದ ಮೇಲೆ ಬನ್ನಿ."

"ಹೋಗದು ಯಾವಾಗ್ಲೋ ಏನೋ, ನವ್ಯಾ." ಮೊದಲ ಬಾರಿಗೆ ಅವನು ಅವಳ ಹೆಸರು ಹಿಡಿದು ಕರೆದ. "ನಾಳೆನೂ ಇರ್ತದೆ. ನಾಳೆನೂ ಬತ್ತೀನಿ."